ಇಪ್ಪತ್ತು ನಿಮಿಷ ಹಾಡಿ ಬಂದ್ ಆಗುವ ಸಬ್ ವೂಫರ್: ದೋಷ ಹುಡುಕುವ ದಾರಿ

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ರಾಯಚೂರಿನ ಬಿಸಿಲು ಗೊತ್ತಲ್ವಾ, 42 ಡಿಗ್ರಿ ಹತ್ತಿರ ಇತ್ತು. ಮಾನ್ವಿ ಕಡೆಯವರೊಬ್ಬರು ಹತ್ತು ಇಂಚಿನ ಸಬ್ ವೂಫರ್ ಅನ್ನು ಬೈಕಿಗೆ ಕಟ್ಟಿಕೊಂಡು ಬಂದು ನನ್ನ ಟೇಬಲ್ ಮೇಲೆ ಇಟ್ಟರು.

"ಸೌಂಡ್ ಛಲೋ ಬರ್ತದ್ರಿ ಅಣ್ಣಾ. ಇಪ್ಪತ್ತು ನಿಮಿಷ ಆದಮ್ಯಾಲ ಡಬ್ ಅಂತದ, ಬಂದ್ ಆಗ್ತದ. ಸ್ವಲ್ಪ ಹೊತ್ತು ಬಿಟ್ರ ಮತ್ತ ಚಾಲೂ. ಐಸಿ ಎರಡು ಸಲ ಹಾಕ್ಸೀನ್ರಿ, ಅದೇ ಕತಿ."

ತೆಗೆದ ಎರಡು ಐಸಿಗಳನ್ನೂ ಪೇಪರ್‌ನಲ್ಲಿ ಸುತ್ತಿ ತಂದಿದ್ದರು. ಎರಡನ್ನೂ ಟೆಸ್ಟ್ ಬೋರ್ಡಿಗೆ ಹಾಕಿ ನೋಡಿದೆ. ಎರಡೂ ಚೆನ್ನಾಗಿದ್ದವು. ಕೆಡದ ಐಸಿಯನ್ನು ಎರಡು ಸಲ ಕಿತ್ತು ಹಾಕಿದ್ದರಿಂದ ಬೋರ್ಡಿನ ತಾಮ್ರದ ಗೆರೆಗಳು ಮಾತ್ರ ಎದ್ದುಬಂದಿದ್ದವು. ಇದು ನನಗೆ ನಿಜವಾಗಿ ಬೇಸರ ತರಿಸುವ ವಿಷಯ. ನಮ್ಮ ಕಡೆ ಸಬ್ ವೂಫರ್ ಕೆಟ್ಟರೆ ಎಲ್ಲರ ಕೈ ಮೊದಲು ಹೋಗುವುದು ದೊಡ್ಡ ಐಸಿಗೆ. ನಾನು ನೋಡಿದ ಮಟ್ಟಿಗೆ, ರೋಗದ ಬೇರು ಹೆಚ್ಚಾಗಿ ಅದರ ಪಕ್ಕದ ನಾಲ್ಕಾಣೆ ಸಾಮಾನಿನಲ್ಲಿ ಇರುತ್ತದೆ. ಹಾಗಾಗಿ ಯಾವುದನ್ನು ಮೊದಲು ಅಳೆಯಬೇಕು, ಯಾಕೆ, ಎಂದು ಇಲ್ಲಿ ಬರೆಯುತ್ತಿದ್ದೇನೆ. ಮಲ್ಟಿಮೀಟರ್ ಹಿಡಿಯಲು, ಸೋಲ್ಡರ್ ಮಾಡಲು ಬರುವವರಿಗೆ ಇದು.

ಬಿಚ್ಚುವ ಮುಂಚೆ

ಪವರ್ಡ್ ಸಬ್ ವೂಫರ್ ಅಂದರೆ ಒಂದೇ ಡಬ್ಬದಲ್ಲಿ ಸ್ಪೀಕರ್ ಮತ್ತು ಅದರ ಆಂಪ್ಲಿಫೈಯರ್. ಹಿಂದಿನ ಲೋಹದ ಪ್ಲೇಟ್ ಬಿಚ್ಚಿದರೆ ಟ್ರಾನ್ಸ್‌ಫಾರ್ಮರ್, ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್, ಎರಡು ದೊಡ್ಡ ಕೆಪಾಸಿಟರ್, ಪವರ್ ಐಸಿ ಅಥವಾ ಟ್ರಾನ್ಸಿಸ್ಟರ್ ಜೋಡಿ, ವಾಲ್ಯೂಮ್ ಮತ್ತು ಫಿಲ್ಟರ್ ಇರುವ ಚಿಕ್ಕ ಬೋರ್ಡ್, ಜಾಸ್ತಿ ಸೆಟ್‌ಗಳಲ್ಲಿ ಸ್ಪೀಕರ್ ಕಾಯುವ ರಿಲೇ ಕಾಣುತ್ತವೆ.

ಬಿಚ್ಚುವ ಮುಂಚೆ ಸುಮ್ನೆ ಎರಡು ಕೆಲಸ ಮಾಡಿ. ಸಿಗ್ನಲ್ ವೈರ್ ಬದಲಿಸಿ, ಮೊಬೈಲಿನಿಂದ ನೇರ ಹಾಡು ಕೊಟ್ಟು ನೋಡಿ. ವೈರ್ ತಪ್ಪಿಗೆ ಸೆಟ್ ಬಿಚ್ಚಿದವರನ್ನು ಬಹಳ ನೋಡಿದ್ದೇನೆ. ಎರಡನೆಯದು, ಗಿರಾಕಿಯನ್ನು ಚೆನ್ನಾಗಿ ಕೇಳಿ. ಹಚ್ಚಿದ ಕೂಡಲೇ ಫ್ಯೂಸ್ ಹೋಯಿತಾ, ಹಾಡುತ್ತಾ ಹೋಯಿತಾ? ಬಿಸಿಯಾದ ಮೇಲೆ ಹೋಗುತ್ತದಾ, ತಣ್ಣಗಿದ್ದಾಗಲೇನಾ? ಕರೆಂಟ್ ಹೋಗಿ ಬಂದಾಗ ಕೆಟ್ಟಿತಾ? ಮಾನ್ವಿಯವರು "ಬಿಟ್ರ ಮತ್ತ ಚಾಲೂ" ಅಂದ ಮಾತಿನಲ್ಲೇ ಅರ್ಧ ಉತ್ತರ ಇತ್ತು. ಸುಟ್ಟ ಐಸಿ ತಣ್ಣಗಾದರೆ ಸರಿಹೋಗುವುದಿಲ್ಲ. ಬಿಸಿಗೆ ಬಿಟ್ಟು ತಣ್ಣಗಾದಾಗ ಕೂಡುವುದು ಹೆಚ್ಚಾಗಿ ಸೋಲ್ಡರ್ ಜಾಯಿಂಟ್.

ಬಿಚ್ಚುವಾಗ ಮೊದಲು ಪ್ಲಗ್ ತೆಗೆದಿಡಿ. ದೊಡ್ಡ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರುತ್ತದೆ. 100 ಓಮ್ 10 ವ್ಯಾಟ್‌ನ ರೆಸಿಸ್ಟರ್ ಅನ್ನು ಇಕ್ಕಳದಲ್ಲಿ ಹಿಡಿದು ಕೆಪಾಸಿಟರ್‌ನ ಎರಡು ಕಾಲಿಗೆ ಕೆಲವು ಸೆಕೆಂಡ್ ಮುಟ್ಟಿಸಿ, ಆಮೇಲೆ ಮೀಟರ್‌ನಲ್ಲಿ ಸೊನ್ನೆಗೆ ಬಂತಾ ನೋಡಿ. ಸ್ಕ್ರೂಡ್ರೈವರ್ ಇಟ್ಟು ಕಿಡಿ ಹಾರಿಸುವ ಪದ್ಧತಿ ಬಿಡಿ. ಕೆಪಾಸಿಟರ್ ಒಳಗೂ ಪೆಟ್ಟು ಬೀಳುತ್ತದೆ, ಕಣ್ಣಿಗೂ ಅಪಾಯ.

ಬೆಳಕಿನಲ್ಲಿ ಹಿಡಿದು ಒಮ್ಮೆ ನಿಧಾನವಾಗಿ ನೋಡಿ. ಡಬ್ಬದಲ್ಲಿ ಗಾಳಿ ಹೋಗುವ ತೂತು ಇರುತ್ತದಲ್ಲ, ಹಲ್ಲಿ, ಜಿರಳೆ ಅಲ್ಲಿಂದಲೇ ಒಳಗೆ ಬರುತ್ತವೆ. ಬ್ರಿಡ್ಜ್ ಕಾಲುಗಳ ನಡುವೆ ಹಲ್ಲಿ ಸತ್ತು ಒಣಗಿದ್ದು ಎಷ್ಟೋ ಸಲ ಸಿಕ್ಕಿದೆ. ಹತ್ತಿ ಜಿನ್ನಿಂಗ್ ಮಿಲ್ ಹತ್ತಿರದ ಮನೆಗಳಿಂದ ಬಂದ ಸೆಟ್‌ಗಳಲ್ಲಿ ಐಸಿಯ ಬಿಸಿ ಹೊರಹಾಕುವ ಲೋಹದ ಹೀಟ್ ಸಿಂಕ್ ಸಂದಿಯೆಲ್ಲ ಹತ್ತಿಯ ನೂಲು ಕೂತಿರುತ್ತದೆ. ಅದು ಕಂಬಳಿ ಹೊದಿಸಿದ ಹಾಗೆ, ಬಿಸಿ ಹೊರಗೆ ಹೋಗುವುದಿಲ್ಲ. ಬ್ರಷ್‌ನಿಂದ ಎಲ್ಲ ತೆಗೆಯಿರಿ.

ಸೀರೀಸ್ ಬೋರ್ಡ್ ಇಲ್ಲದೆ ಪ್ಲಗ್ ಹಾಕಬೇಡಿ

ಇದೊಂದನ್ನು ದಯವಿಟ್ಟು ಪಾಲಿಸಿ. ಒಂದು ಬಲ್ಬ್ ಹೋಲ್ಡರ್, ಒಂದು ಸಾಕೆಟ್. ಫೇಸ್ ವೈರ್ ಬಲ್ಬ್ ಮೂಲಕ ಹಾದು ಸಾಕೆಟ್ಟಿಗೆ ಹೋಗಬೇಕು, ನ್ಯೂಟ್ರಲ್ ನೇರ ಹೋಗಬೇಕು. ಬಲ್ಬ್ 100 ವ್ಯಾಟ್‌ನ ಹಳೆಯ ತಂತಿ ಬಲ್ಬ್ ಆಗಬೇಕು. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬರುವುದಿಲ್ಲ. ತಂತಿ ಬಲ್ಬ್ ಸಿಗುವುದು ಕಮ್ಮಿಯಾಗುತ್ತಿದೆ, ಸಿಕ್ಕಾಗ ನಾಲ್ಕು ತೆಗೆದಿಟ್ಟುಕೊಳ್ಳಿ.

ಸ್ಪೀಕರ್ ವೈರ್ ಬಿಚ್ಚಿ, ವಾಲ್ಯೂಮ್ ಸೊನ್ನೆಗೆ ಇಟ್ಟು, ಸೆಟ್ ಅನ್ನು ಈ ಬೋರ್ಡಿನಲ್ಲಿ ಹಚ್ಚಿ. ಬಲ್ಬ್ ಒಮ್ಮೆ ಝಗ್ ಅಂದು ಮಂಕಾದರೆ ಒಳಗೆ ದೊಡ್ಡ ಶಾರ್ಟ್ ಇಲ್ಲ. ಆ ಝಗ್ ದೊಡ್ಡ ಕೆಪಾಸಿಟರ್ ತುಂಬಿಕೊಂಡದ್ದು. ಬಲ್ಬ್ ಉರಿಯುತ್ತಲೇ ಇದ್ದರೆ ಶಾರ್ಟ್ ಇದೆ. ಬಲ್ಬ್ ಇಲ್ಲದೆ ಹಚ್ಚಿದ್ದರೆ ಇಷ್ಟೊತ್ತಿಗೆ ಹೊಸ ಐಸಿಯೂ ಸುಡುತ್ತಿತ್ತು.

ಶಾರ್ಟ್ ಎಲ್ಲಿದೆ ಎಂದು ಬೇರ್ಪಡಿಸುವುದು ಸುಲಭ. ಟ್ರಾನ್ಸ್‌ಫಾರ್ಮರ್‌ನಿಂದ ಬ್ರಿಡ್ಜಿಗೆ ಹೋಗುವ ವೈರ್ ಬಿಚ್ಚಿ ಹಚ್ಚಿ. ಬಲ್ಬ್ ಆರಿದರೆ ಟ್ರಾನ್ಸ್‌ಫಾರ್ಮರ್ ಸರಿ. ಮತ್ತೆ ಕೂಡಿಸಿ, ಬ್ರಿಡ್ಜ್ ಆದ ಮೇಲೆ ಪವರ್ ಬೋರ್ಡಿಗೆ ಹೋಗುವ ಪ್ಲಸ್, ಮೈನಸ್ ಬಿಚ್ಚಿ. ಆಗಲೂ ಉರಿದರೆ ಬ್ರಿಡ್ಜ್ ಅಥವಾ ದೊಡ್ಡ ಕೆಪಾಸಿಟರ್. ಆರಿದರೆ ಪವರ್ ಬೋರ್ಡ್.

ಫ್ಯೂಸ್ ಬಗ್ಗೆ ಒಂದು ಮಾತು. ಹೋದ ಫ್ಯೂಸ್ ಜಾಗಕ್ಕೆ ವೈರಿನ ಎಳೆ ಸುತ್ತಿದ ಸೆಟ್ ಬಂದರೆ ನಾನು ಮೊದಲು ಅದನ್ನೇ ಕಿತ್ತೆಸೆಯುತ್ತೇನೆ. ಫ್ಯೂಸ್ ಗಾಜಿನ ಮೇಲೂ ನೋಡಿ. ಒಳಗೆ ಕಪ್ಪು ಹೊಗೆ ಬಳಿದಿದ್ದರೆ ಗಟ್ಟಿ ಶಾರ್ಟ್ ಆಗಿದೆ. ಎಳೆ ಮಾತ್ರ ಸದ್ದಿಲ್ಲದೆ ಕರಗಿದ್ದರೆ ಲೋಡ್ ಜಾಸ್ತಿಯಾಗಿತ್ತು, ಇಲ್ಲ ಫ್ಯೂಸೇ ಹಳೆಯದಾಗಿತ್ತು. ಹೊಸದು ಅದೇ ಆಂಪಿಯರ್, ಅದೇ ಜಾತಿಯದು ಇರಲಿ. ಟ್ರಾನ್ಸ್‌ಫಾರ್ಮರ್ ಇರುವ ಸೆಟ್ಟಿಗೆ ಸಾಮಾನ್ಯವಾಗಿ ಸ್ಲೋ ಬ್ಲೋ ಫ್ಯೂಸ್, ಅಂದರೆ ಹಚ್ಚಿದ ಕ್ಷಣದ ಝಗ್ಗಿಗೆ ಹೋಗದ ಫ್ಯೂಸ್ ಇರುತ್ತದೆ.

ದೊಡ್ಡ ಸಪ್ಲೈ

ಬಲ್ಬ್ ಮಂಕಾಗಿದ್ದರೆ ಸೀರೀಸ್ ಬೋರ್ಡ್ ಬಿಟ್ಟು ನೇರ ಹಚ್ಚಿ ವೋಲ್ಟೇಜ್ ಅಳೆಯಿರಿ. ಮೀಟರ್‌ನ ಕರಿ ವೈರ್ ಸೆಟ್‌ನ ಗ್ರೌಂಡಿಗೆ. ಟ್ರಾನ್ಸ್‌ಫಾರ್ಮರ್ ಮೇಲೆ 25-0-25 ಎಂದು ಇದ್ದರೆ ದೊಡ್ಡ ಕೆಪಾಸಿಟರ್ ಮೇಲೆ ಸುಮಾರು ಪ್ಲಸ್ 35, ಮೈನಸ್ 35 ಬರಬೇಕು. 25 ಅನ್ನು 1.414ರಿಂದ ಗುಣಿಸಿದರೆ ಅಷ್ಟು. ಎರಡೂ ಕಡೆ ಒಂದೇ ಸಮ ಇರಬೇಕು. ಒಂದು ಕಡೆ ಕಮ್ಮಿ ಇದ್ದರೆ ಆ ಕಡೆಯ ಡಯೋಡ್, ಕೆಪಾಸಿಟರ್, ಟ್ರಾನ್ಸ್‌ಫಾರ್ಮರ್ ವೈರಿನ ಸೋಲ್ಡರ್ ನೋಡಿ.

ಮನೆಯ ಲೈನ್ ವೋಲ್ಟೇಜನ್ನೂ ಅಳೆಯಿರಿ. ಪಂಪ್‌ಸೆಟ್ ಜಾಸ್ತಿ ಇರುವ ಊರುಗಳಲ್ಲಿ ಅವು ನಡೆಯುವಾಗ ವೋಲ್ಟೇಜ್ ಇಳಿಯುತ್ತದೆ, ನಿಂತ ಮೇಲೆ ಏರುತ್ತದೆ. 230 ಇರಬೇಕಾದದ್ದು 250 ಆದರೆ ಒಳಗಿನ 35 ಸುಮಾರು 38 ಆಗುತ್ತದೆ. ಮೂರು ವೋಲ್ಟ್ ತಾನೇ ಅನ್ನಬೇಡಿ. ಅದರ ಲೆಕ್ಕ ಈಗ ಬರುತ್ತದೆ.

ಚಿಕ್ಕ ಸಪ್ಲೈ: ರೋಗ ಕೂರುವ ಜಾಗ

ವಾಲ್ಯೂಮ್, ಫಿಲ್ಟರ್ ಕೆಲಸ ಮಾಡುವ ಚಿಕ್ಕ ಐಸಿಗಳಿಗೆ, ಉದಾಹರಣೆಗೆ ಟಿಎಲ್ 072 ಅಥವಾ 4558ಕ್ಕೆ, ಪ್ಲಸ್ 15 ಮತ್ತು ಮೈನಸ್ 15 ವೋಲ್ಟ್ ಬೇಕು. ಎಷ್ಟೋ ಸಬ್ ವೂಫರ್‌ಗಳಲ್ಲಿ ಇದನ್ನು 35ರಿಂದ ಒಂದು ರೆಸಿಸ್ಟರ್ ಮತ್ತು ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿಯುವ ಒಂದು ಜೀನರ್ ಡಯೋಡ್ ಇಟ್ಟು ಇಳಿಸುತ್ತಾರೆ. ಅಗ್ಗದ ದಾರಿ, ಕೆಲಸವೂ ಮಾಡುತ್ತದೆ. ಆದರೆ ಆ ರೆಸಿಸ್ಟರ್ ಪಾಡು ಏನು ನೋಡಿ.

35ರಿಂದ 15 ಕಳೆದರೆ 20 ವೋಲ್ಟ್. ರೆಸಿಸ್ಟರ್ 470 ಓಮ್ ಅಂದುಕೊಳ್ಳಿ. 20ನ್ನು 20ರಿಂದ ಗುಣಿಸಿ 470ರಿಂದ ಭಾಗಿಸಿದರೆ 0.85 ವ್ಯಾಟ್. ಹಾಕಿರುವುದು 1 ವ್ಯಾಟ್ ರೆಸಿಸ್ಟರ್. ಲೈನ್ 250 ಆದರೆ 20ರ ಬದಲು 23 ವೋಲ್ಟ್, ಆಗ 1.13 ವ್ಯಾಟ್. ತನ್ನ ಶಕ್ತಿ ಮೀರಿ ದುಡಿಯುತ್ತಿದೆ. ಅದೂ ಗಾಳಿ ಆಡದ ಮುಚ್ಚಿದ ಡಬ್ಬದಲ್ಲಿ, ಹೊರಗೆ 42 ಡಿಗ್ರಿ ಇರುವಾಗ. ಸೆಟ್ ಹಾಡಲಿ ಬಿಡಲಿ, ಪ್ಲಗ್ ಇದ್ದಷ್ಟು ಹೊತ್ತೂ ಹೀಗೆ ಬೇಯುತ್ತಲೇ ಇರುತ್ತದೆ. ಇದರ ಪಕ್ಕದಲ್ಲೇ ಒಂದು ಚಿಕ್ಕ ಕೆಪಾಸಿಟರ್ ಇರುತ್ತದೆ. ಕೆಪಾಸಿಟರ್‌ಗೆ ಬಿಸಿ 10 ಡಿಗ್ರಿ ಏರಿದರೆ ಆಯಸ್ಸು ಅರ್ಧ ಎಂಬುದು ನಮ್ಮ ಕಸುಬಿನ ಹಳೆಯ ಲೆಕ್ಕ. ಇನ್ನು ಸಬ್ ವೂಫರ್ ಅದುರುವ ಪೆಟ್ಟಿಗೆ ಬೇರೆ. ಬಿಸಿ, ಅದುರು ಎರಡೂ ಸೇರಿದ ಜಾಗದಲ್ಲಿ ಸೋಲ್ಡರ್ ಬಿರುಕು ಬಿಡುತ್ತದೆ.

ಮಾನ್ವಿಯ ಸೆಟ್‌ನಲ್ಲಿ ಅಳೆದೆ. ಪ್ಲಸ್ 15.1, ಮೈನಸ್ 15.0. ಎಲ್ಲ ಸರಿ. ಒಂದು ಗಂಟೆ ಹಾಡಿಸಿದೆ, ಏನೂ ಆಗಲಿಲ್ಲ. ಇಲ್ಲೇ ಬಹಳ ಜನ ಮೋಸ ಹೋಗುವುದು. ಟೇಬಲ್ ಮೇಲೆ ಬಿಚ್ಚಿಟ್ಟ ಬೋರ್ಡಿಗೆ ಗಾಳಿ ಸಿಗುತ್ತದೆ, ತಣ್ಣಗಿರುತ್ತದೆ, ರೋಗ ಅಡಗಿ ಕೂರುತ್ತದೆ. ಗಿರಾಕಿ ಮನೆಗೆ ಒಯ್ದು ಡಬ್ಬದಲ್ಲಿ ಹಚ್ಚಿದರೆ ಮತ್ತೆ ಶುರು.

ಫ್ಯಾನ್ ಬಂದ್ ಮಾಡಿ, ಬೋರ್ಡ್ ಮೇಲೆ ಒಂದು ರಟ್ಟಿನ ಡಬ್ಬ ಬೋರಲು ಹಾಕಿದೆ. ಮೀಟರ್‌ನ ಕ್ಲಿಪ್ ಮೈನಸ್ 15ಕ್ಕೆ ಕಚ್ಚಿಸಿ, ಮೀಟರ್ ಹೊರಗೆ ಕಣ್ಣಿಗೆ ಕಾಣುವ ಹಾಗೆ ಇಟ್ಟೆ. ಬಿಟ್ಟು ಹೋಗಲಿಲ್ಲ, ಎದುರಿಗೇ ಕೂತೆ. ಹದಿನೈದು ನಿಮಿಷಕ್ಕೆ ಮೈನಸ್ 15 ಇದ್ದದ್ದು 14.2 ಆಯಿತು. ಆಮೇಲೆ 11. ಎರಡು ಸಲ ಮೇಲೆ ಕೆಳಗೆ ಕುಣಿಯಿತು. ಒಮ್ಮೆಲೇ ಸೊನ್ನೆಯ ಹತ್ತಿರ ಬಿತ್ತು. ಅದೇ ಕ್ಷಣ ಸ್ಪೀಕರ್ ಡಬ್ ಅಂತು, ರಿಲೇ ಟಕ್ ಅಂತು, ಸದ್ದು ನಿಂತಿತು.

ಏನಾಯಿತು ಅಂದರೆ, ಮೈನಸ್ ಹೋದ ಕೂಡಲೇ ಚಿಕ್ಕ ಐಸಿಯ ಔಟ್‌ಪುಟ್ ಪ್ಲಸ್ ಕಡೆ ಎಳೆದುಕೊಂಡಿತು. ಆ ಜಿಗಿತ ಪವರ್ ಐಸಿ ದಾಟಿ ಸ್ಪೀಕರ್‌ಗೆ ಬಂತು. ರಿಲೇ ಅದನ್ನು ಕಂಡು ಸ್ಪೀಕರ್ ಕಡಿದು ಹಾಕಿತು. ರಿಲೇ ತನ್ನ ಕೆಲಸ ಸರಿಯಾಗಿ ಮಾಡಿತ್ತು, ಪವರ್ ಐಸಿಯೂ ತನ್ನ ಕೆಲಸ ಸರಿಯಾಗಿ ಮಾಡಿತ್ತು.

ಬೋರ್ಡ್ ತಿರುಗಿಸಿ ಭೂತಗನ್ನಡಿಯಲ್ಲಿ ನೋಡಿದೆ. 470 ಓಮ್ ರೆಸಿಸ್ಟರ್‌ನ ಕಾಲಿನ ಸುತ್ತ ಸೋಲ್ಡರ್‌ನಲ್ಲಿ ಕೂದಲೆಳೆಯಷ್ಟು ಸಣ್ಣ ಕಪ್ಪು ಉಂಗುರ. ಡ್ರೈ ಸೋಲ್ಡರ್. ಒಣ ಬಿದಿರು ಕಡ್ಡಿಯಿಂದ ಮುಟ್ಟಿದರೆ ಕಾಲು ಅಲುಗುತ್ತಿತ್ತು. ಮೇಲಿನ ಕಡೆ ಬೋರ್ಡ್ ರೊಟ್ಟಿ ಸುಟ್ಟ ಹಾಗೆ ಕಂದು ಆಗಿತ್ತು. ಪಕ್ಕದ 47 ಮೈಕ್ರೋಫ್ಯಾರಡ್ ಕೆಪಾಸಿಟರ್ ರೆಸಿಸ್ಟರ್‌ಗೆ ತಾಗಿಕೊಂಡೇ ನಿಂತು ಅದರ ಪ್ಲಾಸ್ಟಿಕ್ ಅಂಗಿ ಮುದುಡಿತ್ತು.

ಬರೀ ಸೋಲ್ಡರ್ ತಾಗಿಸಿ ಕೊಡಬಹುದಿತ್ತು. ಆರು ತಿಂಗಳಿಗೆ ಮತ್ತೆ ಬರುತ್ತಿತ್ತು. ಹಾಗಾಗಿ ಎರಡೂ ಕಡೆಯ ರೆಸಿಸ್ಟರ್ ತೆಗೆದು 3 ವ್ಯಾಟ್‌ನ 470 ಓಮ್ ಹಾಕಿದೆ, ಬೋರ್ಡಿಗೆ ಅಂಟಿಸದೆ ಒಂದು ಸೆಂಟಿಮೀಟರ್ ಎತ್ತರಕ್ಕೆ ನಿಲ್ಲಿಸಿ. ಜೀನರ್ ಎರಡೂ ಹೊಸದು, 1ಎನ್ 4744, ಅದು 15 ವೋಲ್ಟ್ 1 ವ್ಯಾಟ್‌ನದು. ಕೆಪಾಸಿಟರ್ 85 ಡಿಗ್ರಿಯದ್ದನ್ನು ತೆಗೆದು 105 ಡಿಗ್ರಿಯದು ಹಾಕಿ, ಕಾಲು ಸ್ವಲ್ಪ ಬಗ್ಗಿಸಿ ರೆಸಿಸ್ಟರ್‌ನಿಂದ ದೂರ ಮಾಡಿದೆ. ಹಳೆಯ ಸೋಲ್ಡರ್ ಪೂರ್ತಿ ಹೀರಿ ತೆಗೆದು ಹೊಸದು ಹಾಕಿ, ಹಳೆಯದರ ಮೇಲೇ ಬಳಿಯಬೇಡಿ. ಕಾಲು ಕಪ್ಪಾಗಿದ್ದರೆ ಬ್ಲೇಡ್‌ನಿಂದ ಕೆರೆದು ಹೊಳಪು ಬರಿಸಿ, ಇಲ್ಲದಿದ್ದರೆ ಸೋಲ್ಡರ್ ಕಚ್ಚುವುದಿಲ್ಲ.

ಕೆಲವು ಸೆಟ್‌ಗಳಲ್ಲಿ ಸಾಮಾನು ಅದುರದಿರಲಿ ಎಂದು ಹಳದಿ ಅಂಟು ಹಾಕಿರುತ್ತಾರೆ. ವರ್ಷಗಟ್ಟಲೆ ಬಿಸಿ ಉಂಡು ಅದು ಕಂದು ಬಣ್ಣಕ್ಕೆ ತಿರುಗಿದರೆ ಕರೆಂಟ್ ಸೋರಲು ಬಿಡುತ್ತದೆ, ಸಾಮಾನಿನ ಕಾಲನ್ನೂ ತಿನ್ನುತ್ತದೆ. ಕಂದಾದ ಅಂಟನ್ನು ಎಲ್ಲ ಕೆರೆದು ತೆಗೆಯಿರಿ. ಕಾರಣ ಗೊತ್ತಾಗದ ಗರಗರ ಸದ್ದಿಗೆ ಇದು ದೊಡ್ಡ ಮೂಲ.

ಗುಂಯ್ ಅನ್ನುವ ಸೆಟ್

ಗುಂಯ್ ಸದ್ದು ಬಂದರೆ ಮೊದಲು ಸಿಗ್ನಲ್ ವೈರ್ ಕೀಳಿ. ನಿಂತರೆ ದೋಷ ಸೆಟ್‌ನಲ್ಲಿ ಇಲ್ಲ. ಟಿವಿ, ಡಿಶ್ ಕೇಬಲ್, ಕಂಪ್ಯೂಟರ್ ಇವುಗಳ ಅರ್ತ್ ಒಂದಕ್ಕೊಂದು ಸುತ್ತು ಹಾಕಿಕೊಂಡಿರುತ್ತದೆ. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ ನೋಡಿ. ಗುಂಯ್ ಹೋಗಲಿ ಎಂದು ಪ್ಲಗ್‌ನ ಅರ್ತ್ ಪಿನ್ ಕಡಿಯುವ ಅಭ್ಯಾಸ ಬೇಡವೇ ಬೇಡ, ಲೋಹದ ಪ್ಲೇಟ್ ಮುಟ್ಟಿದ ಮಗುವಿಗೆ ಶಾಕ್ ಹೊಡೆಯುತ್ತದೆ.

ವೈರ್ ಕಿತ್ತರೂ ಗುಂಯ್ ಇದ್ದರೆ, ವಾಲ್ಯೂಮ್ ಸೊನ್ನೆ ಮಾಡಿ ಕೇಳಿ. ವಾಲ್ಯೂಮ್ ತಿರುಗಿಸಿದರೂ ಅಷ್ಟೇ ಇದ್ದರೆ ದೊಡ್ಡ ಕೆಪಾಸಿಟರ್ ಒಣಗಿದೆ. ಆ ಸದ್ದು ಅರ್ತ್ ಸುತ್ತಿನ 50 ಹರ್ಟ್ಸ್‌ಗಿಂತ ಸ್ವಲ್ಪ ಒರಟು, ಬ್ರಿಡ್ಜ್ ಆದ ಮೇಲೆ ಅದು 100 ಹರ್ಟ್ಸ್. ಕಿವಿಗೆ ಅಭ್ಯಾಸವಾದರೆ ಎರಡರ ವ್ಯತ್ಯಾಸ ತಿಳಿಯುತ್ತದೆ. ಅನುಮಾನ ಇದ್ದರೆ ಪ್ಲಗ್ ತೆಗೆದು, ಕರೆಂಟ್ ಇಳಿಸಿ, ಅಷ್ಟೇ ವೋಲ್ಟಿನ ಒಳ್ಳೆಯ ಕೆಪಾಸಿಟರ್ ಒಂದನ್ನು ಜೊತೆಗೆ ಕೂಡಿಸಿ ಹಚ್ಚಿ. ಪ್ಲಸ್ ಮೈನಸ್ ತಪ್ಪಬಾರದು, ತಪ್ಪಿದರೆ ಸಿಡಿಯುತ್ತದೆ. ಗುಂಯ್ ಕಮ್ಮಿಯಾದರೆ ಎರಡೂ ದೊಡ್ಡ ಕೆಪಾಸಿಟರ್ ಬದಲಿಸಿ.

ಪವರ್ ಐಸಿ ನಿಜವಾಗಿ ಹೋಗಿದ್ದರೆ

ಸ್ಪೀಕರ್ ಬಿಚ್ಚಿ ಔಟ್‌ಪುಟ್‌ನಲ್ಲಿ ಡಿಸಿ ವೋಲ್ಟೇಜ್ ಅಳೆಯಿರಿ. ರಿಲೇ ಇದ್ದರೆ ರಿಲೇಗಿಂತ ಮುಂಚೆ ಅಳೆಯಬೇಕು. 50 ಮಿಲಿವೋಲ್ಟ್ ಒಳಗಿದ್ದರೆ ಚಿಂತೆ ಇಲ್ಲ. 30 ವೋಲ್ಟ್ ಅಂತ ತೋರಿಸಿದರೆ ಐಸಿ ಅಥವಾ ಟ್ರಾನ್ಸಿಸ್ಟರ್ ಶಾರ್ಟ್. ಆ ಸ್ಥಿತಿಯಲ್ಲಿ ಸ್ಪೀಕರ್ ಕೂಡಿಸಿದರೆ ವಾಯ್ಸ್ ಕಾಯಿಲ್ ಸುಟ್ಟು ವಾಸನೆ ಬರುವುದಕ್ಕೆ ಬಹಳ ಹೊತ್ತು ಬೇಡ.

ಟಿಡಿಎ 7294 ಎಂಬ ಪವರ್ ಐಸಿ ಇರುವ ಸೆಟ್ ಸದ್ದೇ ಮಾಡದಿದ್ದರೆ ಅದನ್ನು ಕೀಳುವ ಮುಂಚೆ 9 ಮತ್ತು 10ನೇ ಕಾಲು ಅಳೆಯಿರಿ. ಒಂದು ಸ್ಟ್ಯಾಂಡ್‌ಬೈ, ಒಂದು ಮ್ಯೂಟ್. ಎರಡರಲ್ಲೂ 3.5 ವೋಲ್ಟ್‌ಗಿಂತ ಜಾಸ್ತಿ ಇದ್ದರೆ ಮಾತ್ರ ಐಸಿ ಹಾಡುತ್ತದೆ. ಹಾಡು ಬಂದಾಗ ಸೆಟ್ ತಾನೇ ಚಾಲೂ ಮಾಡುವ ಆಟೋ ಆನ್ ಸರ್ಕ್ಯೂಟ್ ಎಚ್ಚರ ಆಗದೆ ಇಲ್ಲಿ ಸೊನ್ನೆ ಕೊಟ್ಟರೆ ಐಸಿಯ ತಪ್ಪೇನೂ ಇಲ್ಲ.

ಐಸಿ ಹಾಕುವುದೇ ಆದರೆ ಮೈಕಾ, ಅಂದರೆ ಐಸಿಗೂ ಲೋಹದ ಪ್ಲೇಟಿಗೂ ನಡುವೆ ಇಡುವ ಕರೆಂಟ್ ತಡೆಯುವ ತೆಳು ಹಾಳೆ, ಮರೆಯಬೇಡಿ. ಈ ಐಸಿಯ ಬೆನ್ನಿನ ಲೋಹ ಒಳಗೆ ಮೈನಸ್ ಸಪ್ಲೈಗೆ ಸೇರಿದೆ. ಮೈಕಾ ಇಲ್ಲದೆ ಬಿಗಿದರೆ ಪ್ಲೇಟ್‌ಗೆ ತಾಗಿ ಶಾರ್ಟ್ ಆಗುತ್ತದೆ. ಬಿಗಿದ ಮೇಲೆ ಬೆನ್ನಿಗೂ ಪ್ಲೇಟಿಗೂ ಮೀಟರ್ ಇಟ್ಟು ಬೀಪ್ ಬರಲಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಬಿಸಿ ದಾಟಿಸುವ ಹೀಟ್ ಸಿಂಕ್ ಪೇಸ್ಟ್ ತೆಳುವಾಗಿ ಹಚ್ಚಿ, ಬೆಣ್ಣೆ ಮೆತ್ತಿದ ಹಾಗೆ ಬೇಡ.

ಐಸಿ ಪದೇಪದೇ ಹೋಗುತ್ತಿದ್ದರೆ ಸ್ಪೀಕರ್ ಅಳೆಯಿರಿ. 8 ಓಮ್ ಸ್ಪೀಕರ್ ಮೀಟರ್‌ನಲ್ಲಿ 6ರಿಂದ 7 ತೋರಿಸುತ್ತದೆ, 4 ಓಮ್‌ನದು 3ರಿಂದ 3.6. ಯಾರೋ ಸ್ಪೀಕರ್ ಬದಲಿಸುವಾಗ 8ರ ಜಾಗಕ್ಕೆ 4 ಹಾಕಿರುತ್ತಾರೆ. 7294ಕ್ಕೆ 8 ಓಮ್ ಇದ್ದರೆ ಪ್ಲಸ್ ಮೈನಸ್ 35 ಸರಿ, 4 ಓಮ್‌ಗೆ 27ರ ಆಸುಪಾಸು ಇರಬೇಕು. 35ರಲ್ಲಿ 4 ಓಮ್ ಎಳೆದರೆ ಎಷ್ಟು ಐಸಿ ಹಾಕಿದರೂ ಉಳಿಯುವುದಿಲ್ಲ. ಕೋನ್ ಅನ್ನು ಎರಡು ಕೈಯ ಬೆರಳುಗಳಿಂದ ಸಮನಾಗಿ ಒಳಗೆ ಒತ್ತಿ ಬಿಡಿ. ಗರಗರ ಅಂದರೆ ಕಾಯಿಲ್ ತಾಗುತ್ತಿದೆ, ಆಂಪ್ಲಿಫೈಯರ್ ರಿಪೇರಿಯಿಂದ ಅದು ಸರಿಹೋಗದು.

5200, 1943 ಟ್ರಾನ್ಸಿಸ್ಟರ್ ಜೋಡಿ ಇರುವ ದೊಡ್ಡ ಸೆಟ್‌ಗಳಲ್ಲಿ ಒಂದು ಹೋದರೂ ಎರಡನ್ನೂ ಬದಲಿಸಿ. ಅವುಗಳ ಪಕ್ಕದ ಬಿಳಿ ಸಿಮೆಂಟ್ ರೆಸಿಸ್ಟರ್, ಹಿಂದಿನ ಡ್ರೈವರ್ ಟ್ರಾನ್ಸಿಸ್ಟರ್ ಎಲ್ಲ ಅಳೆಯಿರಿ. ಹೀಟ್ ಸಿಂಕ್‌ಗೆ ತಾಗಿ ಕೂತ ಬಿಡಿ 139ರಂಥ ಚಿಕ್ಕ ಟ್ರಾನ್ಸಿಸ್ಟರ್ ಸಡಿಲವಾಗಿದೆಯಾ ನೋಡಿ. ಬಿಸಿ ಏರಿದಾಗ ಕರೆಂಟ್ ಇಳಿಸುವುದು ಅದರ ಕೆಲಸ. ಅದು ದೂರ ಸರಿದರೆ ಹೊಸ ಜೋಡಿಯೂ ತಾನೇ ಕುದ್ದು ಸಾಯುತ್ತದೆ. ಈ ಜೋಡಿಯಲ್ಲಿ ನಕಲಿ ಬಹಳ. ನಾವು ಹೈದರಾಬಾದ್‌ನ ಕೋಠಿಯ ಗುಜರಾತಿ ಗಲ್ಲಿಯಿಂದಲೋ ಬೆಂಗಳೂರಿನ ಎಸ್.ಪಿ. ರೋಡ್‌ನಿಂದಲೋ ತರಿಸುತ್ತೇವೆ. ಅಲ್ಲೂ ಅರ್ಧ ಬೆಲೆಗೆ ಕೊಡುತ್ತೇನೆ ಅಂದರೆ ತೆಗೆದುಕೊಳ್ಳಬೇಡಿ.

ಟ್ರಾನ್ಸ್‌ಫಾರ್ಮರ್ ಇಲ್ಲದ ಹೊಸ ಸೆಟ್‌ಗಳಿಗೆ ಈ ಲೆಕ್ಕ ಪೂರ್ತಿ ಹೊಂದುವುದಿಲ್ಲ. ಅವುಗಳ ಮೊದಲ ಕೆಪಾಸಿಟರ್ ಮೇಲೆ 325 ವೋಲ್ಟ್ ಡಿಸಿ ನಿಂತಿರುತ್ತದೆ. ಟಿವಿಯ ಪವರ್ ಸಪ್ಲೈ ಮಾಡಿ ಅಭ್ಯಾಸ ಇಲ್ಲದವರು ಅದಕ್ಕೆ ಕೈ ಹಾಕಬೇಡಿ.

ಮುಚ್ಚುವಾಗ

ರಿಪೇರಿ ಆದ ಮೇಲೆ ಮಾನ್ವಿಯ ಸೆಟ್ ಅನ್ನು ಅದೇ ರಟ್ಟಿನ ಡಬ್ಬದ ಕೆಳಗೆ ಎರಡು ಗಂಟೆ ಹಾಡಿಸಿದೆ. ಮೈನಸ್ 15 ಅಲುಗಲಿಲ್ಲ. ಆಮೇಲೆ ಪ್ಲೇಟ್ ಕೂಡಿಸಿದೆ. ಪ್ಲೇಟಿನ ಅಂಚಿನ ಫೋಮ್ ಪಟ್ಟಿ ಹರಿದಿತ್ತು, ಹೊಸದು ಅಂಟಿಸಿದೆ. ಇದನ್ನು ಬಿಟ್ಟರೆ ಸಂದಿಯಿಂದ ಗಾಳಿ ಸೋರಿ ಜೋರು ಬಾಸ್‌ಗೆ ಉಸ್ ಉಸ್ ಅನ್ನುತ್ತದೆ. ಸ್ಕ್ರೂಗಳನ್ನು ಒಂದು ಕಡೆಯಿಂದ ಸಾಲಾಗಿ ಬಿಗಿಯದೆ ಎದುರುಬದುರು ಬಿಗಿಯಿರಿ. ವೈರ್‌ಗಳನ್ನು ಟೈ ಹಾಕಿ ಕಟ್ಟಿ, ಒಳಗೆ ಅಲ್ಲಾಡುವ ವೈರ್ ಒಂದು ಇದ್ದರೂ ಗಿರಾಕಿಗೆ ಅದು ಸ್ಪೀಕರ್ ಹರಿದ ಸದ್ದಿನ ಹಾಗೇ ಕೇಳುತ್ತದೆ. ಗಾಳಿ ತೂತಿಗೆ ಒಳಗಿನಿಂದ ಸೊಳ್ಳೆ ಪರದೆಗಿಂತ ದೊಡ್ಡ ಕಣ್ಣಿನ ಜಾಲರಿ ಕಟ್ಟಿದೆ, ಹಲ್ಲಿ ಬರದ ಹಾಗೆ. ಗೋಡೆಯಿಂದ ಒಂದು ಗೇಣು ದೂರ ಇಡಿ, ಕೆಲಸ ಇಲ್ಲದಾಗ ಸ್ವಿಚ್ ಬಂದ್ ಮಾಡಿ ಎಂದು ಹೇಳಿ, ಹಳೆಯ ಐಸಿ ಎರಡನ್ನೂ ಅದೇ ಪೇಪರ್‌ನಲ್ಲಿ ಸುತ್ತಿ ಅವರ ಕೈಗೆ ಕೊಟ್ಟೆ. ಅವು ಇನ್ನೂ ಕೆಲಸಕ್ಕೆ ಬರುತ್ತವೆ.